ಪೋಷಕರ ಸಹಿ

ಒಂದೇ ವಾರದಲ್ಲಿ ಎರಡು ಫಾರಂ ಬಂತು ಮನೆಗೆ.
ಒಂದರ ಮೇಲೆ ಕೊಡೆ ಹಿಡಿದ ಬಾತುಕೋಳಿ,
ಇನ್ನೊಂದರ ಮೇಲೆ ಯೂನಿವರ್ಸಿಟಿಯ ಮಸುಕು ಮೊಹರು.
ಎರಡರಲ್ಲೂ ಕೊನೆಗೆ ಒಂದು ಗೆರೆ,
ಗೆರೆಯ ಕೆಳಗೆ: ಪೋಷಕರ ಸಹಿ.

ಜಶ್ವಿತನದಕ್ಕೆ ನಾನು ಹಾಕಿದೆ,
ಗಂಜಿ ಬಸಿಯುವ ಮಧ್ಯೆ, ನಿಂತಲ್ಲೇ.
ನನ್ನದಕ್ಕೆ?
"ಗಂಡನದ್ದು ಹಾಕಿಸಿ" ಅಂದರು ಆಫೀಸಿನವರು.
ಗಂಡ ಧಕ್ಕೆಯಲ್ಲಿ ಮಂಜುಗಡ್ಡೆ ಒಡೆಯುವವರು,
ರಾತ್ರಿ ಎರಡಕ್ಕೆ ಹೋದರೆ ಬರುವುದು ಹನ್ನೊಂದಕ್ಕೆ.
ಕೇಳಿದರೆ ಹಾಕುತ್ತಿದ್ದರು.
ಕೇಳಲಿಲ್ಲ.
ಫಾರಂ ಮಡಚಿ ಕುಲಶೇಖರದ ಬಸ್ಸು ಹತ್ತಿದೆ.

ಅಮ್ಮ ತಡ್ಪೆ ಮಡಿಲಲ್ಲಿಟ್ಟು ಕೂತಿದ್ದಳು,
ಅವತ್ತಿನ ಏಳುನೂರು ಬೀಡಿಗೆ ಇನ್ನು ನೂರು ಬಾಕಿ.
"ನಿನ್ನ ಓದು ಇನ್ನೂ ಮುಗಿಯಲಿಲ್ಲವಾ?"
ಬೈದದ್ದೋ ಕೇಳಿದ್ದೋ ಗೊತ್ತಾಗಲಿಲ್ಲ.
ಕತ್ತರಿ ಬದಿಗಿಟ್ಟು ಪೆನ್ನು ಹಿಡಿದಳು.
ಮೂರನೇ ಕ್ಲಾಸಿನ ಅಕ್ಷರ,
ಒಂದಕ್ಕೊಂದು ಪರಿಚಯ ಇಲ್ಲದ ಹಾಗೆ ದೂರ ದೂರ:
ವಾ   ರಿ   ಜ.
ಜ ಗೆರೆ ದಾಟಿ ಹೊರಗೆ ಹೋಯಿತು.
ಮಡಿಕೆಯಲ್ಲಿ ಹೊಗೆಸೊಪ್ಪಿನ ಪುಡಿ ಉಳಿದಿತ್ತು,
ಮರುದಿನ ಗುಮಾಸ್ತರು ಊದಿ, ಸೀನಿ, ಠಸ್ಸೆ ಹೊಡೆದರು.

ಜೂನ್. ಸೋಮವಾರ. ಎಂಟು ಹತ್ತರ ಸಿಟಿಬಸ್ಸು.
ಸೊಂಟದಲ್ಲಿ ಅವನು, ಬೆನ್ನಿಗೆ ನನ್ನ ಬ್ಯಾಗು,
ಎದೆಗೆ ಅವನ ಬ್ಯಾಗು,
ಎರಡರಿಂದಲೂ ಹೊಸ ರೆಕ್ಸಿನಿನ ವಾಸನೆ.
"ಸ್ಟೂಡೆಂಟ್" ಅಂದೆ.
ಕಂಡಕ್ಟರ್ ಕರಿಮಣಿ ನೋಡಿದ, ಮಗುವನ್ನು ನೋಡಿದ,
"ಯಾರು ಅಕ್ಕ, ಇವನಾ?"
ಕೊರಳಿನ ಕಾರ್ಡು ಎತ್ತಿ ತೋರಿಸಿದೆ.
ಹಳೇ ಫೋಟೋವನ್ನೇ ಕೊಟ್ಟಿದ್ದೆ,
ಅದರಲ್ಲಿದ್ದವಳಿಗೆ ಕೆನ್ನೆ ತುಂಬಿತ್ತು.
ಅವನು ಮತ್ತೇನೂ ಅನ್ನಲಿಲ್ಲ,
ಅರ್ಧ ಹಣ ವಾಪಸು ಕೊಟ್ಟು ಸೀಟಿ ಊದಿದ.

ಬಲ್ಮಠದ ಗೇಟಿನಲ್ಲಿ ನನ್ನ ಶಾಲಿನ ತುದಿ ಹಿಡಿದುಕೊಂಡ.
ಮಿಸ್ ಬಂದು ಬೆರಳು ಒಂದೊಂದಾಗಿ ಬಿಡಿಸಿದರು
ಅಲಸಂಡೆ ಸುಲಿದ ಹಾಗೆ.
"ಹೋಗಿ ಅಮ್ಮಾ, ತಿರುಗಿ ನೋಡಬೇಡಿ."
ನೋಡಲಿಲ್ಲ. ಕೇಳಿಸಿತು.
ಹಂಪನಕಟ್ಟೆ ಸಿಗ್ನಲಿನ ತನಕ ಕೇಳಿಸಿತು,
ಅಷ್ಟು ಹಾರನ್ನಿನ ನಡುವೆ
ಕೇಳಿಸುವುದು ಸಾಧ್ಯವೇ ಇಲ್ಲ.

ಹಾಜರಿ ಕರೆಯುವಾಗ ನನ್ನ ಹೆಸರು ನನಗೇ ತಟ್ಟಲಿಲ್ಲ.
ರೇಷ್ಮಿತಾ. ರೇಷ್ಮಿತಾ ಬಂದಿಲ್ವಾ?
ನಾಲ್ಕು ವರ್ಷದಿಂದ ನಾನು ಜಶ್ವಿತನ ಅಮ್ಮ,
ಹಾಲಿನವನ ಪುಸ್ತಕದಲ್ಲಿ ಮೂರನೇ ಮನೆ.
ಪಕ್ಕದ ಫರ್ಹಾನಾ ಮೊಣಕೈಯಲ್ಲಿ ತಿವಿದಳು,
"ಮೇಡಂ, ನಿಮ್ಮನ್ನೇ."
ಮೇಡಂ ಅಂದಳು!
ಪಾಠ ಮಾಡುವ ಮೇಡಂ ನನಗಿಂತ ಚಿಕ್ಕವರು.

ಅವತ್ತು ಸವಕಳಿ.
ಒಂದು ಯಂತ್ರ ತಂದೆವು, ಬಳಸಿದೆವು,
ವರ್ಷಕ್ಕೆ ಇಷ್ಟಿಷ್ಟು ಕಳೆಯುತ್ತ ಬಂದರೆ
ಕೊನೆಗೆ ಉಳಿಯುವುದೆಷ್ಟು?
"ಸುಮ್ಮನೆ ಬಿದ್ದ ಯಂತ್ರಕ್ಕೂ ಉಂಟಾ ಮೇಡಂ?"
ಕೇಳಿದ್ದು ನಾನೇ. ಸ್ವರ ಒಡೆದಿತ್ತು.
"ಉಂಟು. ತುಕ್ಕು ಹಿಡೀತದಲ್ಲ."
ಬರೆದುಕೊಂಡೆ. ಆಮೇಲೆ ಅಡ್ಡಗೆರೆ ಎಳೆದೆ.
ಸುಮ್ಮನೆ ಬಿದ್ದಿದ್ದೆ ಅಂತ ಯಾರು ಹೇಳಿದ್ದು?

ಮಧ್ಯಾಹ್ನ ಡಬ್ಬಿ ತೆರೆದರೆ ಅವನದ್ದು.
ನೀರುದೋಸೆ ಚೂರು ಚೂರು, ಬೆಲ್ಲ, ಕಾಯಿತುರಿ.
ಹಾಗಾದರೆ ಅವನ ಎದುರು
ನನ್ನ ಕುಚ್ಚಲಕ್ಕಿ ಅನ್ನ, ಹುರಿದ ಬಂಗುಡೆ,
ಮುಳ್ಳು!
ಕಾರಿಡಾರಿಗೆ ಓಡಿ ಫೋನ್ ಮಾಡಿದೆ.
ಮಿಸ್ ನಕ್ಕರು:
"ಮುಳ್ಳು ನಾನೇ ಬಿಡಿಸಿ ಕೊಟ್ಟೆ, ಪೂರ್ತಿ ತಿಂದ,
ಅಪ್ಪ ಆಗಲೇ ಕರಕೊಂಡು ಹೋದರು.
ಮಸಾಲೆಗೆ ಎಂತ ಹಾಕ್ತೀರಿ ನೀವು?"
ಗೋಡೆಗೆ ಒರಗಿ ಹೇಳಿದೆ.
ಆಮೇಲೆ ಅವನ ದೋಸೆ ಚೂರು ಒಂದೂ ಬಿಡದೆ ತಿಂದೆ.

ರಾತ್ರಿ ಚಾಪೆಯ ಮೇಲೆ ಅವನು ಕೇಳಿದ:
"ನಿನ್ನ ಮಿಸ್ ನಿನ್ನನ್ನು ಎತ್ತಿಕೊಂಡರಾ?"
"ಇಲ್ಲ."
"ನೀನು ಕೂಗಿದ್ದಾ?"
"ಸ್ವಲ್ಪ."
ತುಂಬ ಹೊತ್ತು ಫ್ಯಾನು ನೋಡಿದ.
"ಮೊದಲ ದಿನ ಹಾಗೇ," ಅಂದ, ಮಿಸ್ಸಿನ ದನಿಯಲ್ಲಿ,
"ನಾಳೆ ಎತ್ತುತ್ತಾರೆ."

ಈಗ ನಿದ್ದೆ ಹೋಗಿದ್ದಾನೆ.
ನನ್ನ ಲೆಕ್ಕದ ಪುಸ್ತಕ ಅವನ ಬೆನ್ನಡಿ ಸಿಕ್ಕಿಬಿದ್ದಿದೆ,
ಎಳೆದರೆ ಎಚ್ಚರಾದಾನು.